ಅರ್ಕಾವತ್ತಿನ ಜಾಗ

ಹುಬ್ಬಳ್ಳಿಯ ಸಣ್ಣ ಮುದ್ರಣಾಲಯವೊಂದರಲ್ಲಿ ಮೊಳೆಗಳನ್ನು, ಅಂದರೆ ಅಚ್ಚಿನ ಲೋಹದ ಅಕ್ಷರಗಳನ್ನು, ಜೋಡಿಸುವ ಕೆಲಸ ಕಲಿಯಲು ಸೇರಿದಾಗ, ಮೊದಲ ಮೂರು ತಿಂಗಳು ನನ್ನ ಪಾಲಿಗೆ ಬಂದದ್ದು ಅಚ್ಚಾದ ಫಾರ್ಮುಗಳನ್ನು (ಮೊಳೆ ಜೋಡಿಸಿ ಬಿಗಿದ ಪುಟಗಳನ್ನು) ಸೀಮೆಎಣ್ಣೆಯಲ್ಲಿ ತೊಳೆದು, ಬಿಚ್ಚಿ, ಒಂದೊಂದು ಮೊಳೆಯನ್ನೂ ಅದರದರ ಖಾನೆಗೆ ಹಾಕುವ ಕೆಲಸ. ಇಂಗ್ಲಿಷ್ ಕೇಸು, ಅಂದರೆ ಮೊಳೆಯ ಖಾನೆಗಳಿರುವ ಪೆಟ್ಟಿಗೆ, ಬೇಗ ಕೈಗೆ ಹತ್ತಿತು. ಕನ್ನಡದಲ್ಲಿ ಕಾಗುಣಿತದ ರೂಪಗಳಿಗೂ ಒತ್ತಕ್ಷರಗಳಿಗೂ ಬೇರೆ ಬೇರೆ ಖಾನೆಗಳಿದ್ದುದರಿಂದ ಬಹಳ ದಿನ ತಡಕಾಡಿದೆ.

ಅದಕ್ಕಿಂತ ಹೆಚ್ಚು ಕಾಡಿದ್ದು ಜೋಡಣೆಯ ಕ್ರಮ. ‘ಕರ್ನಾಟಕ’ ಎನ್ನುವಾಗ ಬಾಯಲ್ಲಿ ರಕಾರ ಮೊದಲು, ನಕಾರ ಆಮೇಲೆ. ಮೊಳೆ ಜೋಡಿಸುವ ಕೈಪಟ್ಟಿಯಾದ ಸ್ಟಿಕ್ಕಿನಲ್ಲಾದರೋ ‘ಕ’ ಇಟ್ಟು, ‘ನಾ’ ಇಟ್ಟು, ನಂತರ ರಕಾರದ ಗುರುತಾದ ಅರ್ಕಾವತ್ತನ್ನು ಇಡಬೇಕು, ಅದೂ ಅಕ್ಷರಗಳೆಲ್ಲ ತಲೆಕೆಳಗಾಗಿ ನಿಂತಿರುವಾಗ. ನಾನು ಬಾಯಿಯ ಕ್ರಮದಲ್ಲೇ ಇಟ್ಟು ಪ್ರೂಫಿನಲ್ಲಿ ‘ರ್ಕನಾಟಕ’ ತೆಗೆದಾಗ, ಹಿರಿಯ ಕಂಪೋಜಿಟರರು “ಬಾಯಿಲೆ ಓದಬ್ಯಾಡೋ ತಮ್ಮಾ, ಕಣ್ಣಿಲೆ ಓದು” ಎಂದಿದ್ದರು.

ಒಮ್ಮೆ ಆಮಂತ್ರಣ ಪತ್ರಿಕೆಯ ತಲೆಬರಹಕ್ಕೆ, 1890ರಲ್ಲಿ ಧಾರವಾಡದಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘದ ಹೆಸರನ್ನು ದೊಡ್ಡ ಮೊಳೆಯಲ್ಲಿ ಜೋಡಿಸಬೇಕಾಯಿತು. ಆ ಹೆಸರಿಗೆ ಎರಡು ಅರ್ಕಾವತ್ತು ಬೇಕು. ಆ ಅಳತೆಯಲ್ಲಿ ನಮ್ಮಲ್ಲಿ ಉಳಿದದ್ದು ಒಂದೇ. ಇನ್ನೊಂದನ್ನು ಪಕ್ಕದ ಮುದ್ರಣಾಲಯದಿಂದ ಕೈಗಡ ತಂದೆವು. ಅದರ ಮುಖ ಸವೆದು ಮಸಿ ಸರಿಯಾಗಿ ಹಿಡಿಯದಿದ್ದುದರಿಂದ, ಮೊಳೆಯ ಕೆಳಗೆ ತೆಳುಕಾಗದದ ಚೂರು ಕೊಟ್ಟು ಎತ್ತರ ಸರಿಪಡಿಸಿದೆವು.

ಜರ್ಮನಿಯ ಮೈನ್ಜ್ ನಗರದಲ್ಲಿ ಗುಟೆನ್‌ಬರ್ಗ್ 1455ರ ಸುಮಾರಿಗೆ ಪುಟಕ್ಕೆ 42 ಸಾಲಿನ ಬೈಬಲನ್ನು ಅಚ್ಚು ಹಾಕಿದ್ದು ಲ್ಯಾಟಿನ್ ಅಕ್ಷರಗಳಲ್ಲಿ. ಅವು ಓದಿದ ಕ್ರಮದಲ್ಲೇ ಒಂದರ ಪಕ್ಕ ಒಂದು ನಿಲ್ಲುತ್ತವೆ. ಸೀಸ, ತವರ, ಆಂಟಿಮನಿ ಬೆರೆಸಿದ ಮೊಳೆಯ ಲೋಹ ನಮಗೂ ಬಂತು, ಆ ಸಲೀಸು ಬರಲಿಲ್ಲ. ಮಿಷನರಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾದಾಗ ಆ ಮೊಳೆ ಜೋಡಿಸಿದವರ ಪಾಡು ನನಗೆ ಊಹಿಸಲು ಕಷ್ಟವಿಲ್ಲ. 1843ರ ‘ಮಂಗಳೂರು ಸಮಾಚಾರ’ ಪತ್ರಿಕೆ ಕಲ್ಲಚ್ಚಿನದು. ಕೈಬರಹವೇ ಕಲ್ಲಿನಿಂದ ಕಾಗದಕ್ಕೆ ಇಳಿಯುತ್ತಿದ್ದುದರಿಂದ ಅಲ್ಲಿ ಅರ್ಕಾವತ್ತು ತೀರಿಹೋಗುವ ಭಯವಿರಲಿಲ್ಲ.

ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿ ಬಂದ ಮೇಲೆ ಮೊಳೆ ಹೋದರೂ ಅದರ ಕ್ರಮ ಹೋಗಲಿಲ್ಲ. ಹಳೆಯ ಫಾಂಟುಗಳ ಕಡತಗಳಲ್ಲಿ ‘ಕ’, ‘ನಾ’, ಆಮೇಲೆ ಅರ್ಕಾವತ್ತು ಎಂದೇ ಇರುತ್ತಿತ್ತು. ಎಲ್ಲ ಲಿಪಿಗಳಿಗೂ ಒಂದೇ ಆದ ಅಕ್ಷರಸಂಕೇತ ಯೂನಿಕೋಡಿನಲ್ಲಿ ರಕಾರ, ಹಲಂತ (ಸ್ವರ ತೆಗೆಯುವ ಗುರುತು), ನಕಾರ ಎಂದು ಬಾಯಿಯ ಕ್ರಮದಲ್ಲೇ ದಾಖಲಾಗುತ್ತದೆ. ಅರ್ಕಾವತ್ತನ್ನು ಹಿಂದಕ್ಕೆ ಒಯ್ದು ಕೂರಿಸುವ ಕೆಲಸ ಪರದೆಯ ಮೇಲೆ ತಾನಾಗಿಯೇ ನಡೆಯುತ್ತದೆ. ಈಗ ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿದ ಕೂಡಲೇ ನಾನು ಮೊದಲು ಹುಡುಕುವುದು, ರಕಾರ ಹಳೆಯ ಜಾಗದಲ್ಲೇ ಉಳಿದರೆ ಹುಟ್ಟುವ ‘ಕನಾರ್ಟಕ’ ಎಂಬ ಪದವನ್ನು. ಅದು ಒಂದು ಕಡೆ ಸಿಕ್ಕರೂ ಕಡತದ ಅರ್ಕಾವತ್ತುಗಳನ್ನೆಲ್ಲ ಒಂದೊಂದಾಗಿ, ಕಣ್ಣಿಲೆ, ಓದಿ ನೋಡುತ್ತೇನೆ.