ಗಿರಣಿ ನಿಂತಾಗ ಕೇಳಿಸಿದ ಗುಬ್ಬಿಗಳು

ಅಂದು ಪ್ರೊಜೆಕ್ಟರ್ ಕೈಕೊಟ್ಟಿದ್ದೇ ಒಳ್ಳೆಯದಾಯಿತು ಎಂದು ಈಗ ಅನ್ನಿಸುತ್ತದೆ. ಪತ್ರಿಕೋದ್ಯಮ ಓದುತ್ತಿದ್ದಾಗ ನಮಗೆ ಕೊಟ್ಟಿದ್ದ ಕೆಲಸ ಇಷ್ಟೇ: ಧಾರವಾಡದ ಯಾವುದಾದರೂ ಸಣ್ಣ ವ್ಯಾಪಾರದ ಮೇಲೆ ಮೂರು ನಿಮಿಷದ ವಿಡಿಯೊ ಸುದ್ದಿ ಮಾಡಬೇಕು. ಪೇಡೆ ಅಂಗಡಿಗಳಿಗೆ ಆಗಲೇ ನಾಲ್ಕು ತಂಡಗಳು ಮುತ್ತಿಗೆ ಹಾಕಿದ್ದವು. ನಾನು ನಮ್ಮ ಓಣಿಯ ಹಿಟ್ಟಿನ ಗಿರಣಿಯನ್ನು ಹಿಡಿದೆ. ಪ್ರದರ್ಶನದ ದಿನ ನನ್ನ ಸುದ್ದಿ ಶುರುವಾಗುತ್ತಿದ್ದಂತೆ ಪರದೆ ಕಪ್ಪಾಯಿತು, ಸ್ಪೀಕರ್ ಮಾತ್ರ ನಡೆಯುತ್ತಲೇ ಇತ್ತು. ಅಂತರ್ಜಾಲದಿಂದ ಇಳಿಸಿಕೊಂಡ ಕೊಳಲು, ಅದರ ಮೇಲೆ ನನ್ನ ಗಂಭೀರ ದನಿ, ಮತ್ತೆ ಕೊಳಲು. ಹಿಂದಿನ ಬೆಂಚಿನಿಂದ ಯಾರೋ ಕೇಳಿದರು: "ಇದು ಯೋಗ ಶಿಬಿರದ ಸುದ್ದಿಯೇ?"

ನಕ್ಕವರಲ್ಲಿ ನಾನೂ ಒಬ್ಬಳು. ಆಮೇಲೆ ನನ್ನ ಸಮರ್ಥನೆ ಶುರುವಾಯಿತು. ಗಿರಣಿಯಲ್ಲಿ ವಿಪರೀತ ಗದ್ದಲ, ಮೋಟಾರಿನ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ, ಅದಕ್ಕೇ ಮೂಲ ಧ್ವನಿಯನ್ನೆಲ್ಲ ತೆಗೆದು ಸಂಗೀತ ಹಾಕಿದೆ ಎಂದೆ. ನಮಗೆ ಪಾಠ ಹೇಳಲು ಬರುತ್ತಿದ್ದ ನಿವೃತ್ತ ರೇಡಿಯೊ ಮೇಷ್ಟ್ರೊಬ್ಬರು ಸುಮ್ಮನೆ ಕೇಳಿಸಿಕೊಂಡು, "ಗದ್ದಲ ಬೇಡ ಎನ್ನುವವಳು ಗಿರಣಿಗೆ ಹೋಗಿದ್ದು ಯಾಕೆ?" ಎಂದರು. 1950ರಿಂದ ಆಕಾಶವಾಣಿ ಕೇಂದ್ರವಿರುವ ಊರಿದು. ಚಿತ್ರದ ಹಂಗಿಲ್ಲದೆ ಊರುಕೇರಿಗಳನ್ನು ಕಿವಿಗೆ ಕಟ್ಟಿಕೊಡುತ್ತಿದ್ದವರ ಮುಂದೆ ನಾನು ಕೊಳಲು ಊದಿಸಿದ್ದೆ.

ಎರಡನೆಯ ಸಲ ಹೋದಾಗ ಕ್ಯಾಮೆರಾ ಒಯ್ಯಲಿಲ್ಲ. ಬೆಳಿಗ್ಗೆ ಆರೂವರೆಗೆ ಹೋಗಿ ಕಟ್ಟೆಯ ಮೇಲೆ ಕುಳಿತೆ. ಕೈಯಲ್ಲಿ ಒಂದು ನೋಟ್‌ಬುಕ್, ಅಷ್ಟೆ. ಮೊದಲ ಅರ್ಧ ಗಂಟೆ ನನಗೆ ಕೇಳಿಸಿದ್ದು ಒಂದೇ ಸದ್ದು, ಅದೇ ಗದ್ದಲ. ಆಮೇಲೆ ಅದು ಮೆಲ್ಲಗೆ ಬಿಡಿಬಿಡಿಯಾಗತೊಡಗಿತು. ಗೋಡೆಯ ಮೇಲಿನ ದೊಡ್ಡ ಸ್ವಿಚ್ಚನ್ನು ಒತ್ತಿದಾಗ ಬರುವ 'ಧಡ್', ಬೆಲ್ಟು ವೇಗ ಹಿಡಿಯುವಾಗಿನ 'ಪಟಪಟ', ತಗಡಿನ ಡಬ್ಬಿಯಿಂದ ಬಿಳಿಜೋಳ ಸುರಿದಾಗಿನ ಮಳೆ. ಹಿಟ್ಟು ಇಳಿಯುವ ಬಟ್ಟೆಯ ಚೀಲವನ್ನು ಗಿರಣಿ ನಡೆಸುವ ಕಾಕಾ ಅಂಗೈಯಿಂದ ಬಡಿಯುತ್ತಿದ್ದರು; ಆ ಸದ್ದು ಮಗುವಿನ ಬೆನ್ನು ತಟ್ಟಿದಂತಿತ್ತು. ಕಾಳು ತೀರುತ್ತಾ ಬಂದರೆ ಕಲ್ಲಿನ ದನಿ ಏರುತ್ತದೆ. ಕಾಕಾ ಬೆನ್ನು ತಿರುಗಿಸಿ ಯಾರದೋ ಲೆಕ್ಕ ಚುಕ್ತಾ ಮಾಡುತ್ತಿದ್ದರೂ ಆ ಏರುದನಿಗೆ ಅವರ ಕೈ ತಾನಾಗಿ ಚಕ್ರದ ಕಡೆ ಹೋಗುತ್ತಿತ್ತು. ಖಾಲಿ ತಿರುಗಿದರೆ ಕಲ್ಲಿಗೆ ಕಲ್ಲು ಉಜ್ಜಿ ಹಾಳಾಗುತ್ತದೆ, ಅದಕ್ಕೇ ಕಲ್ಲನ್ನು ಎತ್ತಬೇಕು. ಅವರು ಗಿರಣಿಯನ್ನು ನಡೆಸುತ್ತಿದ್ದುದೇ ಕಿವಿಯಿಂದ. ನಾನು ಮೊದಲ ಸಲ ಹೋದಾಗ ಕಿತ್ತುಹಾಕಿದ್ದು ಅದನ್ನೇ.

ಇನ್ನೊಂದು ಸಂಗತಿ ಹೊಳೆದದ್ದು ಹತ್ತು ಗಂಟೆಯ ಹೊತ್ತಿಗೆ. ಮೋಟಾರು ಪದೇ ಪದೇ ನಿಲ್ಲುತ್ತಿತ್ತು. ಎರಡು ಡಬ್ಬಿ ಬೀಸಿದರೆ ನಿಲ್ಲುವುದು, ಮತ್ತೆ ಯಾರಾದರೂ ಬಂದರೆ ಶುರುವಾಗುವುದು. ನಿಂತಾಗಲೆಲ್ಲ ತೊಲೆಯ ಮೇಲಿಂದ ಗುಬ್ಬಿಗಳ ಚಿಲಿಪಿಲಿ. ಚೆಲ್ಲಿದ ಕಾಳಿಗೆ ಬರುವ ಗುಬ್ಬಿಗಳು ಅಲ್ಲಿ ಮೊದಲಿನಿಂದಲೂ ಇದ್ದವು, ಆದರೆ ಮೊದಲು ಇಷ್ಟು ಹೊತ್ತು ಕೇಳಿಸುತ್ತಿರಲಿಲ್ಲವಂತೆ. "ತಂಗಿ, ಹಿಂದೆ ಒಮ್ಮೆ ಸ್ವಿಚ್ ಹಾಕಿದರೆ ಮಧ್ಯಾಹ್ನದವರೆಗೆ ತೆಗೆಯುತ್ತಿರಲಿಲ್ಲ. ಡಬ್ಬಿಗಳ ಪಾಳಿ ರಸ್ತೆಗೆ ಬರುತ್ತಿತ್ತು," ಎಂದರು ಕಾಕಾ. ಪ್ಯಾಕೆಟ್ ಹಿಟ್ಟು ಬಂದ ಮೇಲೆ ಗಿರಣಿಗೆ ಬರುವವರು ಕಡಿಮೆಯಾಗಿದ್ದರು. ಮೊದಲ ಆವೃತ್ತಿಯಲ್ಲಿ ನಾನು ಇದನ್ನು "ಸ್ಪರ್ಧೆಯಿಂದ ವ್ಯಾಪಾರ ಕುಸಿದಿದೆ" ಎಂದು ಓದಿಬಿಟ್ಟಿದ್ದೆ. ಈಗ ಗೊತ್ತಾಯಿತು, ಆ ಸಾಲನ್ನು ನಾನು ಹೇಳಬೇಕಾದ ಅಗತ್ಯವೇ ಇರಲಿಲ್ಲ. ಮೋಟಾರು ನಿಲ್ಲುವ ಸದ್ದು, ಆಮೇಲಿನ ಗುಬ್ಬಿ, ಅದೇ ಸುದ್ದಿ.

ಚಿತ್ರೀಕರಣಕ್ಕೆ ಮೂರು ದಿನ ಹಿಡಿಯಿತು. ಸಲಕರಣೆ ಹೆಚ್ಚೇನಿಲ್ಲ: ಮೊಬೈಲ್, ಕಾಲರ್ ಮೈಕ್, ಹೆಡ್‌ಫೋನ್. ಮೊಬೈಲ್ ತಾನಾಗಿಯೇ ಧ್ವನಿಯ ಮಟ್ಟವನ್ನು ಏರಿಳಿಸುವುದನ್ನು ಮೊದಲು ತಪ್ಪಿಸಬೇಕಾಯಿತು. ಇಲ್ಲದಿದ್ದರೆ ಮೋಟಾರು ಓಡುವಾಗ ಅದನ್ನು ತಗ್ಗಿಸಿ, ನಿಂತಾಗ ನಿಶ್ಶಬ್ದವನ್ನೇ ಎತ್ತಿ ಹಿಡಿದು 'ಸುಯ್' ಎನ್ನಿಸುತ್ತದೆ. ನನಗೆ ಬೇಕಿದ್ದದ್ದೇ ಆ ಎರಡರ ನಡುವಿನ ಅಂತರ. ಕೈಯಿಂದ ಮಟ್ಟ ಹೊಂದಿಸಲು ಬಿಡುವ ಆ್ಯಪ್ ಹಾಕಿಕೊಂಡು, ಅತಿ ದೊಡ್ಡ ಸದ್ದೂ ಧ್ವನಿ ಒಡೆಯುವ ಸೊನ್ನೆಯ ಗೆರೆಗಿಂತ ಸಾಕಷ್ಟು ಕೆಳಗೆ, ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲೇ ಇರುವಂತೆ ನೋಡಿಕೊಂಡೆ. ಒಡೆದ ಧ್ವನಿಯನ್ನು ಆಮೇಲೆ ಯಾವ ದೇವರೂ ಸರಿಮಾಡಲಾರ. ಮೈಕಿಗೆ ಹಿಟ್ಟಿನ ಧೂಳು ಕೂರದಂತೆ ತೆಳುವಾದ ಕರವಸ್ತ್ರ ಸುತ್ತಿದೆ. ಪ್ರತಿಯೊಂದು ಸದ್ದಿಗೂ ಹತ್ತಿರ ಹೋದೆ, ಜೋಳ ಸುರಿಯುವಲ್ಲಿಗೆ ಒಂದು ಗೇಣಿನಷ್ಟು ಹತ್ತಿರ. ದೂರದಿಂದ ಹಿಡಿದರೆ ಎಲ್ಲವೂ ಮತ್ತೆ ಅದೇ ಗದ್ದಲವಾಗುತ್ತದೆ. ಒಂದೊಂದನ್ನೂ 20 ಸೆಕೆಂಡ್ ಅಲುಗಾಡದೆ, ಬಾಯಿ ಬಿಡದೆ ಧ್ವನಿಮುದ್ರಿಸಿದೆ.

ಬಾಯಿ ಬಿಡದಿರುವುದೇ ಕಷ್ಟದ ಕೆಲಸ. ಮೊದಲ ದಿನದ ಬೈಟ್‌ಗಳಲ್ಲೆಲ್ಲ, ಅಂದರೆ ಸುದ್ದಿಗೆಂದು ಹಿಡಿದ ಮಾತಿನ ತುಣುಕುಗಳಲ್ಲೆಲ್ಲ, ಕಾಕಾನ ಮಾತಿನ ಮೇಲೆ ನನ್ನ "ಹೂಂ, ಹೂಂ" ಕುಳಿತಿತ್ತು. ಮಾತಾಡುವವರಿಗೆ ಹೂಂಗುಟ್ಟುವುದು ನಮ್ಮಲ್ಲಿ ಮರ್ಯಾದೆ. ಮೈಕಿನ ಮುಂದೆ ಆ ಮರ್ಯಾದೆಯನ್ನು ತಲೆಯಾಡಿಸಿಯೇ ತೋರಿಸಬೇಕು. ಬೈಟ್ ತೆಗೆದುಕೊಂಡದ್ದು ಮೋಟಾರು ನಿಂತ ಹೊತ್ತಿನಲ್ಲಿ, ಬಾಗಿಲ ಬಳಿ. ಅದೇ ಜಾಗದ ಮೌನವನ್ನೂ ಒಂದು ನಿಮಿಷ ಬೇರೆಯಾಗಿ ಹಿಡಿದಿಟ್ಟುಕೊಂಡೆ. ಎರಡು ಬೈಟ್‌ಗಳ ನಡುವಿನ ಬಿರುಕಿಗೆ ಮೆತ್ತಲು ಅದೇ ಬೇಕು.

ಒಂದು ಸದ್ದು ಮಾತ್ರ ಸಿಕ್ಕಿರಲಿಲ್ಲ. ಸವೆದ ಕಲ್ಲನ್ನು ಬಿಚ್ಚಿ ಉಳಿಯಿಂದ ಕಚ್ಚು ಹೊಡೆಯುವುದು. ಅದರ ಬಗ್ಗೆ ಕೇಳಿದ್ದೇ ತಡ, ಕಾಕಾ ಉಳಿ ಸುತ್ತಿಗೆ ತಂದು, "ನಿನಗಾಗಿ ಈಗಲೇ ನಾಲ್ಕು ಏಟು ಹೊಡೆಯುತ್ತೇನೆ, ಹಿಡಿದುಕೋ," ಎಂದರು. ಆಸೆಯಾಯಿತು, ಸುಳ್ಳೇಕೆ. ಆದರೆ ಕ್ಯಾಮೆರಾ ಇಲ್ಲದಿದ್ದರೆ ಆ ನಾಲ್ಕು ಏಟು ಬೀಳುತ್ತಿರಲಿಲ್ಲ. ಬೇರೆ ಗಿರಣಿಯ ಸದ್ದು ತಂದು ಅಂಟಿಸುವುದಕ್ಕೂ ಇದಕ್ಕೂ ನನಗೆ ಹೆಚ್ಚು ಅಂತರ ಕಾಣಿಸಲಿಲ್ಲ. ಬೇಡವೆಂದೆ. ಎಂಟು ದಿನ ಬಿಟ್ಟು ಅವರೇ ಫೋನ್ ಮಾಡಿ ಕರೆದರು. ಕಲ್ಲು ಅಂಗಳಕ್ಕೆ ಬಂದಿತ್ತು. ಹಿಟ್ಟಿಗೆ ಕಾದಿದ್ದ ಅಜ್ಜಿಯೊಬ್ಬರು ಉಳಿಯ ತಾಳ ಕೇಳುತ್ತಾ, ತವರಿನಲ್ಲಿ ನಸುಕಿಗೆ ಎದ್ದು ಬೀಸುವಾಗ ಹೇಳುತ್ತಿದ್ದ ಪದಗಳ ಮಾತು ತೆಗೆದರು. ಕೈಯಲ್ಲಿ ಗೂಟವಿಲ್ಲದೆ ಪದ ಬಾಯಿಗೆ ಬರುವುದಿಲ್ಲ ಎಂದರು. ಹೇಳಿ ಅಜ್ಜಿ ಎಂದು ನಾನು ಪೀಡಿಸಲಿಲ್ಲ. ಆ ಮಾತನ್ನೇ ಇಟ್ಟುಕೊಂಡೆ.

ಸಂಕಲನದಲ್ಲಿ ಮೊದಲು ಧ್ವನಿಯನ್ನಷ್ಟೇ ಸಾಲಾಗಿ ಜೋಡಿಸಿದೆ, ಚಿತ್ರ ಆಮೇಲೆ. ಕಪ್ಪು ಪರದೆಯ ಮೇಲೆ 'ಧಡ್' ಎಂಬ ಸ್ವಿಚ್, ಬೆಲ್ಟು, ಜೋಳದ ಮಳೆ. ಆಮೇಲೆ ಕಾಕಾನ ಕೈ ಕಾಣುತ್ತದೆ. ಸದ್ದನ್ನು ಎರಡು ಮೂರು ಸೆಕೆಂಡ್ ಪೂರ್ತಿ ಕೇಳಲು ಬಿಟ್ಟು, ನಿರೂಪಣೆ ಬಂದಾಗ ಕೆಳಗಿಳಿಸಿದೆ, ಪೂರ್ತಿ ಅಳಿಸಲಿಲ್ಲ. ನನ್ನ ದನಿ ಅರ್ಧಕ್ಕರ್ಧ ಕಡಿಮೆಯಾಯಿತು. ಮೋಟಾರಿನ ಸದ್ದಿನ ಮೇಲೆ ಕಿರುಚಿ ಹೇಳಿದ್ದ ಪಿಟಿಸಿಯನ್ನು, ಅಂದರೆ ಕ್ಯಾಮೆರಾ ಮುಂದೆ ನಿಂತು ನಾನೇ ಆಡಿದ್ದ ಮಾತನ್ನು, ಬೇಸರವಿಲ್ಲದೆ ಎಸೆದೆ. ಕೊನೆಯಲ್ಲಿ ಮೋಟಾರು ನಿಂತು, ಬೆಲ್ಟು ಸುಸ್ತಾಗಿ, ಗುಬ್ಬಿಗಳು ಉಳಿಯುತ್ತವೆ. ಒಟ್ಟು 2 ನಿಮಿಷ 40 ಸೆಕೆಂಡ್.

ಮುಗಿದ ಮೇಲೆ ಮೊಬೈಲ್ ಒಯ್ದು ಕಾಕಾಗೆ ಹೆಡ್‌ಫೋನ್ ಹಾಕಿದೆ. ಅವರು ಪರದೆಯತ್ತ ನೋಡಲೇ ಇಲ್ಲ, ಕಣ್ಣು ಬೀದಿಯ ಮೇಲಿತ್ತು. ನಡುವೆ ಒಂದು ಕಡೆ ಹುಬ್ಬು ಗಂಟಿಕ್ಕಿ, ಹಿಟ್ಟಿನ ಬೆರಳು ಎತ್ತಿದರು. "ಇಲ್ಲಿ ಕಾಳು ತೀರಿದೆ, ನೋಡು. ಕಲ್ಲು ಎತ್ತುವುದು ತಡವಾಗಿದೆ. ನಿನ್ನ ಜೊತೆ ಮಾತಿಗೆ ನಿಂತಿದ್ದೆ." ಸದ್ದು ಚಂದಾಗಿ ಏರುತ್ತದೆಂದು ನಾನು ಬಹಳ ಮೆಚ್ಚಿ ಆರಿಸಿಕೊಂಡಿದ್ದ ತುಣುಕು ಅದು.