ಓದಿ ಹೇಳಿದ ಮೇಲೆ ಹೆಬ್ಬೆಟ್ಟು

ಕೋಲಾರದಲ್ಲಿ ವಕೀಲಿಕೆ ಶುರು ಮಾಡಿದ ಹೊಸದರಲ್ಲಿ ನಾನು ನೋಡಿದ ಒಂದು ಕೇಸು ಇನ್ನೂ ಮನಸ್ಸಿನಿಂದ ಹೋಗಿಲ್ಲ. ಊರಿನ ನೀರಿನ ಟ್ಯಾಂಕ್ ಹತ್ತಿರ ಬಿಂದಿಗೆ ಇಟ್ಟಿದ್ದಕ್ಕೆ ಒಬ್ಬ ಹೆಂಗಸನ್ನು ಜಾತಿ ಹೆಸರು ಹಿಡಿದು ಬೈದಿದ್ದರು. ಬಿಂದಿಗೆ ಒದ್ದಿದ್ದರು. ಹತ್ತಾರು ಜನ ಅಲ್ಲೇ ನಿಂತಿದ್ದರು.

ಠಾಣೆಯಲ್ಲಿ ಬರೆದುಕೊಂಡ ದೂರಿನಲ್ಲಿ ಇದ್ದದ್ದು ‘ಅವಾಚ್ಯ ಶಬ್ದಗಳಿಂದ ಬೈದು’ ಅನ್ನೋ ಒಂದು ಸಾಲು. ಬೈದ ಮಾತು ಇಲ್ಲ, ಟ್ಯಾಂಕ್ ಇಲ್ಲ, ನೋಡಿದವರಿಲ್ಲ. ಜಾತಿ ನಿಂದನೆ ಸಾರ್ವಜನಿಕರ ಕಣ್ಣೆದುರು ನಡೆದಿರಬೇಕು ಅನ್ನುತ್ತದೆ ಕಾನೂನು. ಆ ಮಾತೇ ಕಾಗದದಲ್ಲಿ ಇರಲಿಲ್ಲ. ಕೆಳಗೆ ಮಾತ್ರ ‘ಓದಿಸಿ ಕೇಳಿದೆ, ಸರಿ ಇದೆ’ ಅಂತ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ಆಕೆ ಮನೆಯಲ್ಲಿ ಆಡುವುದು ತೆಲುಗು. ಯಾರೂ ಏನೂ ಓದಿ ಹೇಳಿರಲಿಲ್ಲ.

ಕಟಕಟೆಯಲ್ಲಿ ಆಕೆ ಎಲ್ಲವನ್ನೂ ಬಿಡಿಸಿ ಹೇಳಿದರು. ‘ಇದ್ಯಾವುದೂ ನಿಮ್ಮ ದೂರಿನಲ್ಲಿ ಇಲ್ಲವಲ್ಲ?’ ಅಂದರು ಎದುರು ವಕೀಲರು. ಕೊನೆಗೆ ಖುಲಾಸೆ ಆಯಿತು. ಹೊರಗೆ ಬಂದು ಆಕೆ ಕೇಳಿದ್ದು ಇಷ್ಟೇ: ‘ನಾನು ಹೇಳಿದ್ದೆಲ್ಲ ಬರ್ಕೊಂಡಿದ್ರಲ್ಲ ಮೇಡಂ?’ ಆ ದೂರಿನ ಪ್ರತಿ ತಿಂಗಳುಗಟ್ಟಲೆ ನನ್ನ ಫೈಲಿನಲ್ಲಿತ್ತು. ನಾನೂ ಅದನ್ನು ಆಕೆಗೆ ಓದಿ ಹೇಳಿರಲಿಲ್ಲ.

ಪಾಠ ಮಾಡಬೇಕು ಅನಿಸಿದ್ದು ಆಮೇಲೆ. ವಕೀಲರು ದಿನಕ್ಕೆ 3 ಗಂಟೆ ಮೀರದಂತೆ ಕಾನೂನು ಪಾಠ ಹೇಳಬಹುದು ಅಂತ ಕೇಂದ್ರ ಸರ್ಕಾರದ ನಿಯಮವೇ ಇದೆ. ಬೆಳಿಗ್ಗೆ ಕಾಲೇಜು, ಆಮೇಲೆ ಕೋರ್ಟು. ತರಗತಿಯಲ್ಲಿ ನಾನು ಮೊದಲು ಮಾಡಿಸುವುದು ಒಂದೇ ಕೆಲಸ. ಒಬ್ಬರು ನಡೆದ ಸಂಗತಿ ಹೇಳಬೇಕು, ಇನ್ನೊಬ್ಬರು ಬರೆದು ಓದಿ ಹೇಳಬೇಕು. ಮಕ್ಕಳು ಮೊದಲ ಸಲವೇ ‘ಅವಾಚ್ಯ ಶಬ್ದ’ ಅಂತ ಬರೆಯುತ್ತಾರೆ. ಬೈಗುಳ ಬರೆಯಲು ನಾಚಿಕೆ. ಅದನ್ನು ಹೇಳಿಸಿಕೊಂಡವರ ನೋವು ಆ ನಾಚಿಕೆಗಿಂತ ದೊಡ್ಡದು ಅಲ್ವಾ?

ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ 1989ರದ್ದು. 2016ರ ಜನವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿ, ದೂರನ್ನು ಓದಿ ಹೇಳಿಯೇ ಸಹಿ ಪಡೆಯುವುದು, ತಕ್ಷಣ ಪ್ರತಿ ಕೊಡುವುದು ಅಧಿಕಾರಿಯ ಕರ್ತವ್ಯ ಅಂತ 4ನೇ ಸೆಕ್ಷನ್‌ನಲ್ಲಿ ಸ್ಪಷ್ಟವಾಗಿ ಬರೆಯಿತು. 15ಎ ಸೆಕ್ಷನ್ ನೊಂದವರಿಗೂ ಸಾಕ್ಷಿಗಳಿಗೂ ರಕ್ಷಣೆ ಕೊಟ್ಟಿತು. ಜಾಮೀನು ಅರ್ಜಿ ಬಂದಾಗ ನೊಂದವರ ಮಾತನ್ನೂ ಕೋರ್ಟು ಕೇಳಬೇಕು. ಈ ಪಾಠ ಬಂದಾಗ ನಾನು ಕಂಬಾಲಪಲ್ಲಿ ಹೆಸರು ಹೇಳದೆ ಮುಂದೆ ಹೋಗುವುದಿಲ್ಲ. 2000ದ ಮಾರ್ಚ್ 11ರಂದು ಆಗ ನಮ್ಮದೇ ಜಿಲ್ಲೆಯಲ್ಲಿದ್ದ ಆ ಊರಿನಲ್ಲಿ 7 ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಬಿಡುಗಡೆಯಾದರು. ಸಾಕ್ಷಿ ಯಾಕೆ ತಿರುಗಿಬೀಳುತ್ತಾರೆ, ಸಂಜೆ ವಾಪಸ್ ಹೋಗಬೇಕಾದ್ದು ಅದೇ ಊರಿಗಲ್ಲವೇ ಅಂತ ಮಕ್ಕಳನ್ನು ಕೇಳುತ್ತೇನೆ.

ಕಾನೂನು ಸೇವಾ ಸಮಿತಿಯ ಪ್ಯಾನೆಲ್‌ನಲ್ಲೂ ಇದ್ದೇನೆ. ಹಳ್ಳಿಗೆ ಹೋದರೆ ಜನ ಮೊದಲು ಕೇಳುವುದು ‘ಫೀಸು ಎಷ್ಟು?’ ಅಂತ. ಪರಿಶಿಷ್ಟರಿಗೆ, ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್. ಇದು ಗೊತ್ತಿಲ್ಲದೆ ಸುಮ್ನೆ ಸಾಲ ಮಾಡಿದವರು ಜಾಸ್ತಿ.

ಮೊನ್ನೆ ಶಿಬಿರಕ್ಕೆ ಒಬ್ಬ ಅಜ್ಜಿ ಬಂದಿದ್ದರು. ನನ್ನ ವಿದ್ಯಾರ್ಥಿನಿ ಅರ್ಜಿ ಬರೆದು ಓದಿದಳು. ಕನ್ನಡದಲ್ಲಿ ಒಂದು ಸಾಲು, ತೆಲುಗಿನಲ್ಲಿ ಅದರ ಅರ್ಥ. ‘ದೇವಸ್ಥಾನದ ಹತ್ತಿರ’ ಅಂದಾಗ ಅಜ್ಜಿ ಕೈ ಅಡ್ಡ ಹಿಡಿದರು. ಹತ್ತಿರ ಅಲ್ಲ, ಮೆಟ್ಟಿಲ ಮೇಲೆ, ಮೂರನೇ ಮೆಟ್ಟಿಲು. ಹುಡುಗಿ ಹೊಡೆದು ಹಾಕಿ ‘ಮೂರನೇ ಮೆಟ್ಟಿಲ ಮೇಲೆ’ ಅಂತ ಬರೆದಳು. ಮತ್ತೆ ಮೊದಲಿನಿಂದ ಓದಿದಳು. ಅಜ್ಜಿ ಪೂರ್ತಿ ಕೇಳಿಸಿಕೊಂಡು, ಸೆರಗಿನಲ್ಲಿ ಬೆರಳು ಒರೆಸಿಕೊಂಡು, ಇಂಕ್ ಪ್ಯಾಡ್ ಕಡೆ ಕೈ ಚಾಚಿದರು.