ಹೈಕುವಿನಲ್ಲಿ ಲೈಬ್ರರಿ ಸಿಗುತ್ತಿಲ್ಲವೇ? ಹೀಗೆ ಮಾಡಿ

ಹಳೆಯ ಲ್ಯಾಪ್‌ಟಾಪ್‌ಗೆ ಹೈಕು ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಂಡವರು ಅದರ ಚುರುಕು ಕಂಡು ಹಿಗ್ಗುತ್ತಾರೆ. ಆಮೇಲೆ ಎಲ್ಲಿಂದಲೋ ಇಳಿಸಿಕೊಂಡ ಪ್ರೋಗ್ರಾಂ ಒಂದನ್ನು ಟರ್ಮಿನಲ್‌ನಲ್ಲಿ ಚಾಲೂ ಮಾಡಿದರೆ, ‘ಲಿಬ್‌ಪಿಎನ್‌ಜಿ16’ ಎಂಬ ಫೈಲ್ ತೆರೆಯಲಾಗಲಿಲ್ಲ ಎಂಬ ಒಂದೇ ಸಾಲು ಬಂದು ನಿಲ್ಲುತ್ತದೆ. ಇದು ಹಲವು ಪ್ರೋಗ್ರಾಂಗಳು ಒಟ್ಟಾಗಿ ಬಳಸುವ ಲೈಬ್ರರಿ. ಚಿತ್ರಗಳನ್ನು ಓದುವ ಕೆಲಸ ಇದರದು. ಆ ಫೈಲನ್ನು ಅಂತರಜಾಲದಲ್ಲಿ ಹುಡುಕಿ ತಂದು ಸಿಸ್ಟಮ್ ಫೋಲ್ಡರಿಗೆ ತುರುಕುವುದು ಹಳೆಯ ವಿಂಡೋಸ್ ದಿನಗಳ ಚಾಳಿ. ಹೈಕುವಿನಲ್ಲಿ ಅದು ನಡೆಯುವುದೂ ಇಲ್ಲ, ಅದರ ಅಗತ್ಯವೂ ಇಲ್ಲ.

ಕಾರಣ ಅದರ ರಚನೆಯಲ್ಲೇ ಇದೆ. ಬಿಓಎಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಮತ್ತೆ ಕಟ್ಟಲು 2001ರಲ್ಲಿ ಆರಂಭವಾದ ಈ ಯೋಜನೆಗೆ 2013ರಲ್ಲಿ ಹೊಸ ಪ್ಯಾಕೇಜ್ ವ್ಯವಸ್ಥೆ ಬಂತು. ಪ್ಯಾಕೇಜ್ ಎಂದರೆ ಒಂದು ಪ್ರೋಗ್ರಾಂ ಅಥವಾ ಲೈಬ್ರರಿಯ ಫೈಲುಗಳ ಕಟ್ಟು. ಇಲ್ಲಿ ‘ಎಚ್‌ಪಿಕೆಜಿ’ ಪ್ಯಾಕೇಜ್ ಅನ್ನು ಬಿಚ್ಚಿ ಹರಡುವುದಿಲ್ಲ. ಸಿಸ್ಟಮ್ ಒಳಗಿನ ‘ಪ್ಯಾಕೇಜಸ್’ ಫೋಲ್ಡರಿನಲ್ಲಿ ಅದು ಇದ್ದರೆ ಸಾಕು, ಒಳಗಿರುವ ಫೈಲುಗಳು ತಂತಮ್ಮ ಜಾಗದಲ್ಲಿ ಕಾಣಿಸುತ್ತವೆ. ಅಲ್ಲಿಂದ ತೆಗೆದರೆ ಮಾಯವಾಗುತ್ತವೆ. ಸಿಸ್ಟಮ್‌ನ ಲೈಬ್ರರಿ ಫೋಲ್ಡರ್ ಹೀಗೆ ‘ಕಾಣಿಸುವ’ ಫೋಲ್ಡರ್ ಆದ್ದರಿಂದ ಅದರೊಳಗೆ ನೀವು ಏನನ್ನೂ ಬರೆಯಲಾಗದು.

ಮೊದಲು ಸಾಫ್ಟ್‌ವೇರ್ ಅಪ್‌ಡೇಟರ್ ನಡೆಸಿ, ಯಂತ್ರವನ್ನು ಮರುಚಾಲನೆ ಮಾಡಿ. ಅರ್ಧ ಹಳೆಯ, ಅರ್ಧ ಹೊಸ ಪ್ಯಾಕೇಜುಗಳ ನಡುವಿನ ಜಗಳ ಇಲ್ಲೇ ತೀರುವುದುಂಟು.

ತೀರದಿದ್ದರೆ ಟರ್ಮಿನಲ್ ತೆರೆಯಿರಿ. ಇಲ್ಲಿ ಪ್ಯಾಕೇಜುಗಳನ್ನು ಹಾಕುವ ಪಿ-ಕೆ-ಜಿ-ಮ್ಯಾನ್ ಎಂಬ ಆದೇಶವಿದೆ. ಇದರ ಸೊಗಸೆಂದರೆ, ಲೈಬ್ರರಿ ಯಾವ ಪ್ಯಾಕೇಜಿನಲ್ಲಿದೆ ಎಂದು ನಿಮಗೆ ಗೊತ್ತಿರಬೇಕಿಲ್ಲ. ‘ಪಿಕೆಜಿಮ್ಯಾನ್ ಇನ್‌ಸ್ಟಾಲ್’ ಎಂದು ಬರೆದು, ಜಾಗ ಬಿಟ್ಟು, ‘ಲಿಬ್’, ಕೋಲನ್, ನಂತರ ಲೈಬ್ರರಿಯ ಹೆಸರನ್ನು ಸೇರಿಸಿ ಟೈಪ್ ಮಾಡಿ (ಎಲ್ಲವೂ ಇಂಗ್ಲಿಷ್ ಅಕ್ಷರಗಳಲ್ಲಿ). ಕೊನೆಯ ‘ಡಾಟ್ ಎಸ್‌ಒ’ ಮತ್ತು ಅದರ ನಂತರದ ಅಂಕಿ ಬೇಡ. ಹೆಸರಿನಲ್ಲಿ ಅಡ್ಡಗೆರೆ ಇದ್ದರೆ ಅದರ ಬದಲು ಅಡಿಗೆರೆ ಹಾಕಿ. ಪ್ಯಾಕೇಜ್ ಹೆಸರುಗಳಲ್ಲಿ ಅಡ್ಡಗೆರೆಗೆ ಬೇರೆ ಕೆಲಸವಿದೆ. ಆ ಲೈಬ್ರರಿಗೆ ಬೇಕಾದ ಇನ್ನಿತರ ಲೈಬ್ರರಿಗಳನ್ನೂ ಪಿಕೆಜಿಮ್ಯಾನ್ ತಾನೇ ಜೊತೆಗೂಡಿಸುತ್ತದೆ.

32 ಬಿಟ್ ಹೈಕು ಬಳಸುವವರು ಎಡವುವುದು ಇದರ ಮುಂದೆ. ಬಿಓಎಸ್ ಕಾಲದ ಪ್ರೋಗ್ರಾಂಗಳು ಕೋಡನ್ನು ಪ್ರೋಗ್ರಾಂ ಆಗಿ ಮಾರ್ಪಡಿಸುವ ಜಿಸಿಸಿ 2.95 ಕಂಪೈಲರ್‌ನಿಂದ ಹುಟ್ಟಿದವು. ಜಿಸಿಸಿ 3ರಿಂದ ಸಿ++ ಕೋಡ್ ಜೋಡಿಸುವ ಕ್ರಮವೇ ಬದಲಾಯಿತು. ಹಳೆಯವೂ ಓಡಲಿ, ಹೊಸವೂ ಓಡಲಿ ಎಂದು 32 ಬಿಟ್ ಹೈಕು ಎರಡು ಬಗೆಯ ಲೈಬ್ರರಿಗಳನ್ನೂ ಇಟ್ಟುಕೊಂಡಿದೆ. ಹೊಸ ಬಗೆಯದು ಬೇಕಿದ್ದರೆ ಹೆಸರಿನ ಕೊನೆಗೆ ಅಡಿಗೆರೆ, ‘ಎಕ್ಸ್86’ ಸೇರಿಸಬೇಕು. ‘ಲೈಬ್ರರಿ ಹಾಕಿದ್ದೇನೆ, ಆದರೂ ಕಾಣೆಯಾಗಿದೆ ಎನ್ನುತ್ತದೆ’ ಎಂಬ ದೂರಿಗೆ ಬಹುಪಾಲು ಇದೇ ಮೂಲ. 64 ಬಿಟ್ ಹೈಕುವಿನಲ್ಲಿ ಈ ರಗಳೆಯಿಲ್ಲ. ಬಿಓಎಸ್‌ನ ಹಳೆಯ ಪ್ರೋಗ್ರಾಂಗಳೂ ಅದರಲ್ಲಿ ಓಡುವುದಿಲ್ಲ.

ಕೆಲವೊಮ್ಮೆ ಪಿಕೆಜಿಮ್ಯಾನ್ ಕೈಚೆಲ್ಲಿ, ಸಮಸ್ಯೆ ಇದು, ಪರಿಹಾರಗಳು ಇವು ಎಂದು ಅಂಕಿ ಹಾಕಿ ಕೇಳುತ್ತದೆ. ಸುಮ್ಮನೆ 1 ಒತ್ತಬೇಡಿ. ಒಂದು ಪುಟ್ಟ ಪ್ರೋಗ್ರಾಂಗಾಗಿ ಇರುವ ಪ್ಯಾಕೇಜುಗಳನ್ನೇ ಕಿತ್ತುಹಾಕುವ ಸಲಹೆಯೂ ಆ ಪಟ್ಟಿಯಲ್ಲಿರಬಹುದು. ಅನುಮಾನವಿದ್ದರೆ ಹೊರಬನ್ನಿ, ಅದೇ ಪ್ರೋಗ್ರಾಂ ಹೈಕುವಿಗೆಂದು ಸಿದ್ಧಪಡಿಸಿದ ಪ್ಯಾಕೇಜುಗಳ ಹೈಕುಪೋರ್ಟ್ಸ್ ಭಂಡಾರದಲ್ಲಿದೆಯೇ ಎಂದು, ಪ್ಯಾಕೇಜ್ ಹುಡುಕಿ ಹಾಕುವ ಹೈಕುಡಿಪೋದಲ್ಲಿ ನೋಡಿ. ಇದ್ದರೆ ಅದನ್ನೇ ಹಾಕಿಕೊಳ್ಳುವುದು ಲೇಸು.

ಇನ್ನು ಜಿಪ್ ರೂಪದಲ್ಲಿ ಬರುವ ಹಳೆಯ ಪ್ರೋಗ್ರಾಂಗಳು. ಅವುಗಳ ಲೈಬ್ರರಿ ಎಲ್ಲೂ ಪ್ಯಾಕೇಜ್ ಆಗಿ ಸಿಗದಿದ್ದರೆ, ಪ್ರೋಗ್ರಾಂ ಇರುವ ಫೋಲ್ಡರಿನಲ್ಲೇ ‘ಲಿಬ್’ ಎಂಬ ಫೋಲ್ಡರ್ ಮಾಡಿ ಅದರೊಳಗೆ ಹಾಕಿ. ಪ್ರೋಗ್ರಾಂ ಆರಂಭವಾಗುವಾಗ ಅದಕ್ಕೆ ಬೇಕಾದ ಲೈಬ್ರರಿಗಳನ್ನು ಒದಗಿಸುವ ಲೋಡರ್ ಮೊದಲು ಹುಡುಕುವುದು ಅಲ್ಲೇ. ‘ಹೋಮ್’ ಒಳಗಿನ ‘ಕಾನ್ಫಿಗ್’, ಅದರೊಳಗಿನ ‘ನಾನ್-ಪ್ಯಾಕೇಜ್ಡ್’, ಅದರೊಳಗಿನ ‘ಲಿಬ್’ ಫೋಲ್ಡರಿನಲ್ಲೂ ಇಡಬಹುದು, ಆದರೆ ನಾನು ಸಲಹೆ ಮಾಡುವುದಿಲ್ಲ. ಲೋಡರ್ ಸಿಸ್ಟಮ್‌ನ ಲೈಬ್ರರಿಗಿಂತ ಮುಂಚೆ ಅದನ್ನು ನೋಡುತ್ತದೆ. ಎಂದೋ ಇಟ್ಟು ಮರೆತ ಹಳೆಯ ಪ್ರತಿಯೊಂದು ಅದೇ ಹೆಸರಿನ ಹೊಸ ಲೈಬ್ರರಿಗೆ ಅಡ್ಡ ನಿಂತು, ಸಂಬಂಧವೇ ಇಲ್ಲದ ಪ್ರೋಗ್ರಾಂಗಳನ್ನೂ ಕೆಡಿಸುತ್ತದೆ. ವಿನಾಕಾರಣ ಪ್ರೋಗ್ರಾಂಗಳು ಕುಸಿಯುತ್ತಿದ್ದರೆ ಆ ಫೋಲ್ಡರನ್ನು ಒಮ್ಮೆ ಜಾಲಾಡಿ.

ಏನೋ ಹಾಕಲು ಹೋಗಿ ಹೈಕು ಆರಂಭವಾಗದೇ ಹೋಯಿತೆನ್ನಿ. ಗಾಬರಿ ಬೇಡ. ಯಂತ್ರ ಚಾಲೂ ಆಗುವಾಗ ಶಿಫ್ಟ್ ಕೀ ಒತ್ತಿ ಹಿಡಿಯಿರಿ (ಯುಇಎಫ್‌ಐ ಎಂಬ ಹೊಸ ಬಗೆಯ ಬೂಟ್ ವ್ಯವಸ್ಥೆಯಿರುವ ಯಂತ್ರಗಳಲ್ಲಿ ಸ್ಪೇಸ್ ಕೀ ಒತ್ತುತ್ತಿರಿ). ಬೂಟ್ ಡಿಸ್ಕ್ ಆರಿಸುವ ಮೆನುವಿನಲ್ಲಿ ಹಿಂದಿನ ಸ್ಥಿತಿಗಳು ತಾರೀಖು, ಗಂಟೆ ಸಮೇತ ಸಾಲಾಗಿರುತ್ತವೆ. ಕೆಡುವ ಮೊದಲಿನ ತಾರೀಖನ್ನು ಆರಿಸಿದರೆ ಅಂದಿನ ಪ್ಯಾಕೇಜುಗಳೊಂದಿಗೆ ಹೈಕು ಎದ್ದೇಳುತ್ತದೆ. ನಿಮ್ಮ ಪತ್ರ, ಫೋಟೊಗಳಿಗೆ ಧಕ್ಕೆಯಿಲ್ಲ, ಬದಲಾಗುವುದು ಸಿಸ್ಟಮ್‌ನ ಪ್ಯಾಕೇಜುಗಳು ಮಾತ್ರ. ಈ ಹಳೆಯ ಸ್ಥಿತಿಗಳು ‘ಪ್ಯಾಕೇಜಸ್’ ಒಳಗಿನ ‘ಅಡ್ಮಿನಿಸ್ಟ್ರೇಟಿವ್’ ಫೋಲ್ಡರಿನಲ್ಲಿ ಕೂಡುತ್ತಾ ಹೋಗುತ್ತವೆ. ಡಿಸ್ಕ್ ಚಿಕ್ಕದಾಗಿದ್ದರೆ ತೀರಾ ಹಳೆಯ ತಾರೀಖಿನವನ್ನು ಅಳಿಸಬಹುದು. ಅಲ್ಲೇ ಇರುವ ‘ಆಕ್ಟಿವೇಟೆಡ್-ಪ್ಯಾಕೇಜಸ್’ ಫೈಲಿಗೆ ಮಾತ್ರ ಕೈ ಹಚ್ಚಬೇಡಿ.